ಯಂತ್ರದ ಒಕ್ಕಣೆಯೂ ಕನ್ನಡದಲ್ಲಿರಲಿ

ಗೂಗಲ್ ಶೀಟ್ಸಿನ ಲೆಕ್ಕದ ಹಾಳೆಗೆ ಹೊಸ ಸಾಲೊಂದು ಸೇರಿದರೆ ಸ್ಲ್ಯಾಕ್ ಮೊದಲಾದ ಆ್ಯಪ್‌ಗಳ ಮೂಲಕ ಬಳಗಕ್ಕೆಲ್ಲ ತಾನಾಗಿ ಸಂದೇಶ ಹೋಗುವ ಏರ್ಪಾಡು ಈಗ ಸುಲಭ. 2011ರಲ್ಲಿ ಆರಂಭವಾದ ಝೇಪಿಯರ್‌ನಂತಹ ಸೇವೆಗಳು ಇದನ್ನು ಮಾಡಿಕೊಡುತ್ತವೆ. ಒಕ್ಕಣೆಯನ್ನು ಒಮ್ಮೆ ಬರೆದಿಟ್ಟರೆ ಸಾಕು. ಹೆಸರು, ತಾರೀಕುಗಳನ್ನು ಯಂತ್ರವೇ ತುಂಬುತ್ತದೆ.

ಆದರೆ ಆ ಒಕ್ಕಣೆ ಯಾವ ಭಾಷೆಯದು? ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಮಾತ್ರ ಬರೆದಿಟ್ಟರೆ ವರ್ಷಗಟ್ಟಲೆ ಅದೇ ಹೋಗುತ್ತಿರುತ್ತದೆ. ಯಂತ್ರಕ್ಕೆ ಕನ್ನಡ ಹೊರೆಯಲ್ಲ. 1991ರ ಮೊದಲ ಯೂನಿಕೋಡಿನಲ್ಲೇ ನಮ್ಮ ಲಿಪಿಯಿತ್ತು. ಇಲ್ಲಿನ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ.

ಆದುದರಿಂದ ಕಚೇರಿ, ಶಾಲೆ, ಸಹಕಾರಿ ಸಂಘಗಳು ಇಂತಹ ಏರ್ಪಾಡು ಮಾಡುವ ದಿನವೇ ಕನ್ನಡದ ಒಕ್ಕಣೆಯನ್ನೂ ಸೇರಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ನಮ್ಮ ಸಂಘಸಂಸ್ಥೆಗಳು ಮೊದಲು ಮಾಡಿ ತೋರಿಸಲಿ.