ಹಿಂದಿನ ಚಕ್ರದ ಕರಕರ

ಕಾರಿನ ಹಿಂಬದಿಯಿಂದ ಕರಕರ ಸದ್ದು ಕೇಳಿತೆಂದರೆ ‘ಬೇರಿಂಗ್ ಹೋಗಿದೆ’ ಎಂದು ಒಬ್ಬರು, ‘ಬ್ರೇಕ್ ಸವೆದಿದೆ’ ಎಂದು ಇನ್ನೊಬ್ಬರು ತೀರ್ಪು ಕೊಟ್ಟುಬಿಡುತ್ತಾರೆ. ಊಹೆಯ ಮೇಲೆ ಒಂದೊಂದೇ ಭಾಗ ಬದಲಾಯಿಸುತ್ತ ಹೋದರೆ ಜೇಬು ಬರಿದಾಗುತ್ತದೆ. ಸದ್ದು ನಿಲ್ಲುವ ಭರವಸೆಯಿಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಕಲಿಯುವ ನಿಯಮವೇ ಇಲ್ಲಿಯೂ ದಾರಿ ತೋರಿಸುತ್ತದೆ: ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಿ ಪರಿಣಾಮವನ್ನು ಗಮನಿಸಬೇಕು. ಚಾಲನೆ ದೊಡ್ಡವರದು, ಕೇಳಿ ಬರೆದುಕೊಳ್ಳುವ ಕೆಲಸ ಮಕ್ಕಳದು.

1983ರ ಕೊನೆಯಲ್ಲಿ ರಸ್ತೆಗಿಳಿದು 2014ರವರೆಗೆ ತಯಾರಾದ ಮಾರುತಿ 800 ಕಾರನ್ನೇ ನೋಡೋಣ. ಅದರ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಹಿಂದಿನವು ಸುಮ್ಮನೆ ಉರುಳುತ್ತವೆ. ಅಲ್ಲಿ ಅನುಮಾನಿಸಬೇಕಾದ್ದು ಮುಖ್ಯವಾಗಿ ಎರಡನ್ನು: ಬೇರಿಂಗ್ ಮತ್ತು ಡ್ರಮ್ ಬ್ರೇಕ್. ಹಿಂದಿನ ಚಕ್ರಗಳೇ ಕಾರನ್ನು ತಳ್ಳುವ ಅಂಬಾಸಡರ್‌ನಲ್ಲಿ ಡಿಫರೆನ್ಷಿಯಲ್‌ನ ಹಲ್ಲುಚಕ್ರಗಳೂ ಪಟ್ಟಿಗೆ ಸೇರುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಸದ್ದು ಬಂದರೆ ಅನುಮಾನ ಅತ್ತ ತಿರುಗಬೇಕು.

ಮೊದಲ ಪ್ರಶ್ನೆ: ಸದ್ದು ಚಕ್ರದ್ದೋ ಎಂಜಿನ್ನಿನದೋ? ಮಾರುತಿ 800ರ ಚಕ್ರದ ಸುತ್ತಳತೆ ಸುಮಾರು 1.6 ಮೀಟರ್. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 7 ಸುತ್ತು ತಿರುಗುತ್ತದೆ. ಕಾರು ಮೂರನೇ ಗೇರಿನಲ್ಲಿರಲಿ, ನಾಲ್ಕನೆಯದರಲ್ಲಿರಲಿ, ಈ ಲೆಕ್ಕ ಬದಲಾಗದು. ಬದಲಾಗುವುದು ಎಂಜಿನ್ನಿನ ಸುತ್ತು. ವೇಗ ಅಷ್ಟೇ ಇಟ್ಟು ಗೇರ್ ಬದಲಿಸಿದರೂ ಸದ್ದು ಹಾಗೆಯೇ ಇದ್ದರೆ ಎಂಜಿನ್ ನಿರಪರಾಧಿ.

ಎರಡನೆಯದು ಬ್ರೇಕ್. ಒತ್ತಿದಾಗ ಮಾತ್ರ ಕರಕರ ಎಂದರೆ ಬ್ರೇಕ್ ಶೂಗಳ ಲೈನಿಂಗ್ ಸವೆದು ಲೋಹ ಡ್ರಮ್ಮಿಗೆ ಉಜ್ಜುತ್ತಿರಬಹುದು. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಅದನ್ನು ಮೆಲ್ಲಗೆ ಎಳೆದಾಗ ಅದೇ ಸದ್ದು ಕೇಳಿದರೆ ಊಹೆಗೆ ಬಲ ಬರುತ್ತದೆ.

ಬ್ರೇಕ್ ಒತ್ತದಿದ್ದರೂ ಸದ್ದು ವೇಗದೊಂದಿಗೆ ಏರುತ್ತಿದ್ದರೆ ಬೇರಿಂಗ್ ಕಡೆ ನೋಡಬೇಕು. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಗಡೆಯ ಚಕ್ರಗಳ ಮೇಲೆ ಹೆಚ್ಚು ಬೀಳುತ್ತದೆ. ಆಗ ಸದ್ದು ಜೋರಾದರೆ ಎಡ ಬೇರಿಂಗ್, ಎಡಕ್ಕೆ ತಿರುಗುವಾಗ ಜೋರಾದರೆ ಬಲ ಬೇರಿಂಗ್ ಕೆಟ್ಟಿರುವ ಸಂಭವ ಹೆಚ್ಚು.

ಎಲ್ಲ ಸದ್ದೂ ರೋಗವಲ್ಲ. ಮಳೆಗಾಲದಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರಿನ ಡ್ರಮ್ಮಿಗೆ ತೆಳುವಾಗಿ ತುಕ್ಕು ಹಿಡಿದು, ಬೆಳಿಗ್ಗೆ ನಾಲ್ಕಾರು ಸಲ ಬ್ರೇಕ್ ಒತ್ತುವವರೆಗೆ ಕರಕರ ಎನ್ನುವುದುಂಟು. ಆಮೇಲೂ ನಿಲ್ಲದಿದ್ದರೆ ಗ್ಯಾರೇಜಿಗೆ ಹೋಗಲೇಬೇಕು. ಲೋಹಕ್ಕೆ ಲೋಹ ಉಜ್ಜುವ ಬ್ರೇಕ್ ಕಾರನ್ನು ಬೇಕಾದಲ್ಲಿ ನಿಲ್ಲಿಸದು. ಪೂರ್ತಿ ಕೆಟ್ಟ ಬೇರಿಂಗ್‌ನಿಂದ ಚಕ್ರವೇ ಅಲುಗಾಡತೊಡಗುತ್ತದೆ. ಶಾಲೆಗೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿನಲ್ಲಿ ‘ಮುಂದಿನ ವಾರ ನೋಡೋಣ’ ಎನ್ನುವಂತಿಲ್ಲ.

ಜ್ಯಾಕ್ ಒಂದನ್ನೇ ನಂಬಿ ಕಾರಿನಡಿ ಯಾರೂ ತೂರಬಾರದು. ಹಳೆಯ ಲೈನಿಂಗ್‌ಗಳಲ್ಲಿ ಕ್ಯಾನ್ಸರ್ ತರುವ ಆಸ್‌ಬೆಸ್ಟಾಸ್ ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಊದಿ ಹಾರಿಸುವುದೂ ಬೇಡ. ಡ್ರಮ್ ಬಿಚ್ಚುವಾಗ ಮಕ್ಕಳು ದೂರವಿರಲಿ.

‘ಹಿಂದೆ ಏನೋ ಸದ್ದು’ ಎಂದರೆ ಮೆಕ್ಯಾನಿಕ್ಕೂ ಊಹೆಯಿಂದಲೇ ಆರಂಭಿಸಬೇಕಾಗುತ್ತದೆ. ‘40ರ ವೇಗದಲ್ಲಿ, ಬಲ ತಿರುವಿನಲ್ಲಿ, ಬ್ರೇಕ್ ಒತ್ತದಿದ್ದರೂ ಬರುತ್ತದೆ’ ಎಂದು ಬರೆದ ಚೀಟಿ ಕೊಟ್ಟರೆ ಯಾವ ಚಕ್ರವನ್ನು ಮೊದಲು ಬಿಚ್ಚಬೇಕೆಂಬುದು ಅವನಿಗೆ ತಿಳಿಯುತ್ತದೆ.