ಸೇನ್ ದಿಯೆ ಊರಿನ ಸೆನೆಗಲ್ ನಾಯಕ

ಫ್ರಾನ್ಸಿನ ಪೂರ್ವದಲ್ಲಿ, ವೋಜ್ ಬೆಟ್ಟಗಳ ನಡುವೆ ಸೇನ್ ದಿಯೆ ಎಂಬ ಊರಿದೆ. ಊರು ಸಣ್ಣದು, ಚರಿತ್ರೆ ದೊಡ್ಡದು. ಅಮೆರಿಕ ಎಂಬ ಹೆಸರನ್ನು ಮೊದಲ ಬಾರಿಗೆ ಹೊತ್ತ ಭೂಪಟ 1507ರಲ್ಲಿ ರೂಪುಗೊಂಡದ್ದು ಇಲ್ಲಿನ ವಿದ್ವಾಂಸರ ಕೂಟದಲ್ಲಿ. ಫ್ರಾನ್ಸಿನ ಮಕ್ಕಳಿಗೆಲ್ಲ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಕಾನೂನು ತಂದ ಜೂಲ್ ಫೆರಿ 1832ರಲ್ಲಿ ಹುಟ್ಟಿದ್ದೂ ಇಲ್ಲೇ. ಅದೇ ಫೆರಿ 1885ರಲ್ಲಿ ಸಂಸತ್ತಿನಲ್ಲಿ ಎದ್ದು ನಿಂತು, ಮೇಲು ಜನಾಂಗಗಳಿಗೆ ಕೀಳು ಜನಾಂಗಗಳನ್ನು ನಾಗರಿಕರನ್ನಾಗಿಸುವ ಹಕ್ಕೂ ಹೊಣೆಯೂ ಇದೆ ಎಂದು ವಸಾಹತುಶಾಹಿಯನ್ನು ಸಮರ್ಥಿಸಿದ. ಆಗ ಫ್ರಾನ್ಸಿನ ಕೈಕೆಳಗಿದ್ದ ನಾಡುಗಳಲ್ಲಿ ಸೆನೆಗಲ್ ಕೂಡ ಒಂದು. ಅಲ್ಲಿಂದ ದುಡಿಮೆ ಅರಸಿ ಬಂದ ದಂಪತಿಗೆ 1991ರ ಜೂನ್ 20ರಂದು ಸೇನ್ ದಿಯೆಯಲ್ಲಿ ಒಬ್ಬ ಮಗ ಹುಟ್ಟಿದ. ಹೆಸರು ಕಲಿದು ಕೂಲಿಬಾಲಿ.

ಮುಂದೆ ಫುಟ್‌ಬಾಲ್ ಜಗತ್ತಿನ ಅತ್ಯುತ್ತಮ ರಕ್ಷಣಾ ಆಟಗಾರರಲ್ಲಿ ಒಬ್ಬನೆನಿಸಿದ ಕೂಲಿಬಾಲಿಯನ್ನು ಬದುಕಿನುದ್ದಕ್ಕೂ ಬೆನ್ನಟ್ಟಿದ್ದು ಒಂದೇ ಪ್ರಶ್ನೆ: ನೀನು ಯಾವ ದೇಶದವನು? ಎರಡು ಪೌರತ್ವವಿರುವ ಆಟಗಾರರೆಲ್ಲ ಈ ಪ್ರಶ್ನೆಯನ್ನು ಎದುರಿಸುತ್ತಾರೆ. ಗೆದ್ದಾಗ ಅದನ್ನು ಯಾರೂ ಎತ್ತುವುದಿಲ್ಲ. ಸೋತಾಗ, ಇಲ್ಲವೇ ಇನ್ನೊಂದು ದೇಶದ ಅಂಗಿ ತೊಟ್ಟಾಗ, ಅದೇ ಪ್ರಶ್ನೆ ಆಪಾದನೆಯಾಗುತ್ತದೆ.

2002ರ ಮೇ 31ರಂದು ಸೋಲ್ ನಗರದಲ್ಲಿ ವಿಶ್ವಕಪ್ಪಿನ ಮೊದಲ ಪಂದ್ಯ ನಡೆದಾಗ ಕೂಲಿಬಾಲಿಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ. ಹಾಲಿ ಚಾಂಪಿಯನ್ ಫ್ರಾನ್ಸ್ ಒಂದು ಕಡೆ, ಮೊದಲ ಸಲ ವಿಶ್ವಕಪ್ ಆಡುತ್ತಿದ್ದ ಸೆನೆಗಲ್ ಇನ್ನೊಂದು ಕಡೆ. ಪಾಪಾ ಬೂಬಾ ಜೋಪ್ 30ನೇ ನಿಮಿಷದಲ್ಲಿ ಹೊಡೆದ ಗೋಲಿನಿಂದ ಸೆನೆಗಲ್ ಗೆದ್ದಿತು. ಅಂದು ಮೈದಾನಕ್ಕಿಳಿದವರನ್ನು ಗಮನಿಸಬೇಕು. ಸೆನೆಗಲ್ ತಂಡದ 23 ಮಂದಿಯಲ್ಲಿ 21 ಮಂದಿ ಫ್ರಾನ್ಸಿನ ಕ್ಲಬ್‌ಗಳಲ್ಲಿ ಆಡುತ್ತಿದ್ದವರು. ನಾಯಕ ಅಲಿಯು ಸಿಸ್ಸೆ ಬಾಲ್ಯದಲ್ಲೇ ಫ್ರಾನ್ಸಿಗೆ ಬಂದು ಬೆಳೆದವ. ಎದುರು ಪಾಳೆಯದಲ್ಲಿ ಫ್ರಾನ್ಸಿನ ನೀಲಿ ಅಂಗಿ ತೊಟ್ಟು ನಿಂತಿದ್ದ ಪ್ಯಾಟ್ರಿಕ್ ವಿಯೆರಾ ಹುಟ್ಟಿದ್ದು ಸೆನೆಗಲ್ಲಿನ ರಾಜಧಾನಿ ಡಾಕಾರ್‌ನಲ್ಲಿ. ಎರಡು ದೇಶಗಳ ಪಂದ್ಯ ಎಂದು ಕರೆದದ್ದು ಒಂದೇ ಚರಿತ್ರೆಯ ಎರಡು ಕವಲುಗಳ ಭೇಟಿಯೂ ಆಗಿತ್ತು.

ಕೂಲಿಬಾಲಿಯ ಹಾದಿ ಸಲೀಸಾಗಿರಲಿಲ್ಲ. ಮೆಟ್ಜ್ ಕ್ಲಬ್ಬಿನ ತರಬೇತಿ ಕೇಂದ್ರ ಹದಿಹರೆಯದಲ್ಲಿ ಅವನನ್ನು ಸಾಲದೆಂದು ಮನೆಗೆ ಕಳಿಸಿತು. ಊರಿನ ತಂಡಕ್ಕೆ ಮರಳಿ ಆಡಿ, ಮತ್ತೆ ಅದೇ ಮೆಟ್ಜ್‌ನಲ್ಲಿ ಜಾಗ ಗಿಟ್ಟಿಸಿದ. 2010ರಲ್ಲಿ ವೃತ್ತಿಪರ ಆಟ ಶುರುವಾಯಿತು. ಮರುವರ್ಷ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವಕಪ್ಪಿಗೆ ಫ್ರಾನ್ಸ್ ತಂಡದಲ್ಲಿ ಆಯ್ಕೆಯಾದ. ಆಂಟೊನ್ ಗ್ರೀಜ್‌ಮನ್, ಅಲೆಕ್ಸಾಂಡ್ರ್ ಲಕಾಜೆಟ್ ಅವನ ಜೊತೆಗಾರರು. ತಂಡ ನಾಲ್ಕನೇ ಸ್ಥಾನ ಪಡೆಯಿತು.

ಆ ಟೂರ್ನಿಗೆ ಕೆಲವೇ ತಿಂಗಳ ಮುಂಚೆ, 2011ರ ಏಪ್ರಿಲ್ ಕೊನೆಯಲ್ಲಿ, ಮೀಡಿಯಾಪಾರ್ಟ್ ಎಂಬ ಫ್ರೆಂಚ್ ಸುದ್ದಿತಾಣ ಒಂದು ವರದಿಯನ್ನು ಹೊರಗೆಡವಿತು. ಫ್ರೆಂಚ್ ಫುಟ್‌ಬಾಲ್ ಫೆಡರೇಷನ್ನಿನ ಹಿರಿಯರು 2010ರ ನವೆಂಬರ್‌ನಲ್ಲಿ ಸಭೆ ಸೇರಿ, ತರಬೇತಿ ಕೇಂದ್ರಗಳಲ್ಲಿ ಎರಡು ಪೌರತ್ವದ ಹುಡುಗರಿಗೆ ಮಿತಿ ಹಾಕುವ ಬಗ್ಗೆ ಮಾತಾಡಿದ್ದರು. ನಾವು ಖರ್ಚು ಮಾಡಿ ಕಲಿಸುತ್ತೇವೆ, ಅವರು ಹೋಗಿ ಆಫ್ರಿಕಾದ ತಂಡಗಳಿಗೆ ಆಡುತ್ತಾರೆ ಎಂಬುದು ಕೊರಗು. ಎತ್ತರ, ಬಲ ನೋಡಿ ಆರಿಸುವುದರಿಂದ ಕಪ್ಪು ಹುಡುಗರೇ ಹೆಚ್ಚು ಬರುತ್ತಾರೆ ಎಂಬ ಮಾತೂ ಅಲ್ಲಿ ಬಂದಿತ್ತು. ಸಭೆಯಲ್ಲಿ ರಾಷ್ಟ್ರೀಯ ತಂಡದ ಕೋಚ್ ಲಾರೆಂಟ್ ಬ್ಲಾಂಕ್ ಇದ್ದ. 1998ರಲ್ಲಿ ವಿಶ್ವಕಪ್ ಗೆದ್ದ ತಂಡದ ರಕ್ಷಣಾ ಆಟಗಾರ ಈತ. ನೋವಾದವರ ಕ್ಷಮೆ ಕೇಳಿದ. ಕಾನೂನಿನ ದೃಷ್ಟಿಯಲ್ಲಿ ತಾರತಮ್ಯ ನಡೆದಿಲ್ಲವೆಂದು ವಿಚಾರಣೆ ಮುಗಿಯಿತು.

ಕಾನೂನು ಏನೇ ಹೇಳಲಿ, ಆ ಲೆಕ್ಕಾಚಾರವೇ ತಪ್ಪು. ಡಾಕಾರ್‌ನಲ್ಲಿ ಹುಟ್ಟಿದ ವಿಯೆರಾನನ್ನು ಪಡೆದಾಗ ಫ್ರಾನ್ಸ್ ಸೆನೆಗಲ್ಲಿಗೆ ಯಾವ ಪರಿಹಾರವನ್ನೂ ಕೊಡಲಿಲ್ಲ. ಕೊಡಬೇಕೆಂದು ಯಾರೂ ಕೇಳಲೂ ಇಲ್ಲ. ಸೇನ್ ದಿಯೆಯ ಹುಡುಗನ ತಂದೆತಾಯಿ ಫ್ರಾನ್ಸಿನಲ್ಲಿ ದುಡಿದಿದ್ದಾರೆ, ತೆರಿಗೆ ಕಟ್ಟಿದ್ದಾರೆ. ಅವನಿಗೆ ಸಿಕ್ಕ ತರಬೇತಿ ದಾನವಲ್ಲ, ಆ ಊರಿನ ಬೇರೆ ಹುಡುಗರಿಗೆ ಇದ್ದಷ್ಟೇ ಹಕ್ಕು.

ಕೂಲಿಬಾಲಿ ಸೆನೆಗಲ್ಲನ್ನು ಆರಿಸಿಕೊಂಡದ್ದು 2015ರಲ್ಲಿ, 24ನೇ ವಯಸ್ಸಿನಲ್ಲಿ. ಅದಕ್ಕೆ ದಾರಿ ಮಾಡಿದ್ದು ಫಿಫಾದ ಒಂದು ತಿದ್ದುಪಡಿ. ಕಿರಿಯರ ತಂಡದಲ್ಲಿ ಒಂದು ದೇಶಕ್ಕೆ ಆಡಿದವರು ತಮಗೆ ಪೌರತ್ವವಿರುವ ಇನ್ನೊಂದು ದೇಶಕ್ಕೆ ಒಮ್ಮೆ ಬದಲಾಗಲು 2004ರಿಂದ ಅವಕಾಶವಿತ್ತಾದರೂ 21 ವರ್ಷದ ಗಡುವಿತ್ತು. 2009ರಲ್ಲಿ ಫಿಫಾ ಆ ಗಡುವನ್ನು ತೆಗೆದುಹಾಕಿತು. ಸೆನೆಗಲ್ಲಿಗೆ ಆಗಷ್ಟೇ ಕೋಚ್ ಆಗಿ ಬಂದಿದ್ದವನು 2002ರ ನಾಯಕ ಅಲಿಯು ಸಿಸ್ಸೆ. ಅವನ ಕರೆಗೆ ಓಗೊಟ್ಟು 2015ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾ ವಿರುದ್ಧ ಕೂಲಿಬಾಲಿ ಹೊಸ ಅಂಗಿ ತೊಟ್ಟ.

ಆ ಹೊತ್ತಿಗೆ ಅವನು ಬೆಲ್ಜಿಯಂನ ಗೆಂಕ್ ತಂಡದಲ್ಲಿ ಎರಡು ವರ್ಷ ಆಡಿ ಇಟಲಿಯ ನಾಪೋಲಿ ಸೇರಿಯಾಗಿತ್ತು. ಕರೆಸಿಕೊಂಡವನು ಕೋಚ್ ರಫಾಯೆಲ್ ಬೆನಿಟೆಜ್. ದೂರವಾಣಿಯಲ್ಲಿ ಮಾತಾಡುತ್ತಿರುವುದು ನಿಜಕ್ಕೂ ಬೆನಿಟೆಜ್ ಎಂದು ನಂಬದೆ, ಗೆಳೆಯರ ತಮಾಷೆ ಎಂದುಕೊಂಡು ಕರೆ ಕತ್ತರಿಸಿದ್ದನ್ನು ಕೂಲಿಬಾಲಿಯೇ ಹೇಳಿಕೊಂಡಿದ್ದಾನೆ. ಎಂಟು ವರ್ಷ, 317 ಪಂದ್ಯ. ಆರಡಿ ಮೀರಿದ ದೇಹ, ಆ ದೇಹಕ್ಕೆ ನಿರೀಕ್ಷಿಸದಂಥ ಓಟ, ಎದುರಾಳಿಯ ಪಾಸ್ ಎಲ್ಲಿ ಬೀಳುತ್ತದೆಂದು ಮೊದಲೇ ಅಂದಾಜಿಸುವ ಕಣ್ಣು.

ಡಿಫೆಂಡರನ ಕೆಲಸ ಎಷ್ಟು ನಿರ್ದಯವಾದದ್ದು ಎಂಬುದಕ್ಕೆ ಟ್ಯೂರಿನ್ ನಗರದ ಒಂದೇ ಮೈದಾನದ ಎರಡು ಪಂದ್ಯ ಸಾಕು. 2018ರ ಏಪ್ರಿಲ್ 22ರಂದು ಜುವೆಂಟಸ್ ವಿರುದ್ಧ 90ನೇ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಚೆಂಡಿಗೆ ನೆಗೆದು ತಲೆಕೊಟ್ಟು ಕೂಲಿಬಾಲಿ ಗೋಲು ಹೊಡೆದ. ನಾಪೋಲಿ 1–0ರಿಂದ ಗೆದ್ದಿತು. ಇಡೀ ನಾಪೋಲಿ ನಗರ ಬೀದಿಗಿಳಿದು ಕುಣಿಯಿತು, ಆದರೂ ಆ ವರ್ಷದ ಲೀಗ್ ಪ್ರಶಸ್ತಿ ಜುವೆಂಟಸ್ ಪಾಲಾಯಿತು. 2019ರ ಆಗಸ್ಟ್ 31ರಂದು ಅದೇ ಮೈದಾನ, ಅದೇ ಎದುರಾಳಿ, ಮತ್ತೆ ಕೊನೆಯ ಗಳಿಗೆ. ಪಂದ್ಯ 3–3ರಲ್ಲಿದ್ದಾಗ ಹೊರಗಟ್ಟಲು ಹೋದ ಚೆಂಡು ಅವನ ಕಾಲಿನಿಂದ ಚಿಮ್ಮಿ ಸ್ವಂತ ಗೋಲಿಗೇ ನುಗ್ಗಿತು. ಸ್ಟ್ರೈಕರ್ ಹತ್ತು ಅವಕಾಶ ಕೈಚೆಲ್ಲಿ ಒಂದು ಗೋಲು ಹೊಡೆದರೆ ವೀರ. ಡಿಫೆಂಡರ್ ನೂರು ಚೆಂಡು ತಡೆದು ಒಂದನ್ನು ಬಿಟ್ಟರೆ ಆ ಒಂದೇ ಉಳಿಯುತ್ತದೆ.

ಇದಕ್ಕಿಂತ ಕ್ರೂರವಾದದ್ದು ಗ್ಯಾಲರಿಗಳಿಂದ ಬಂತು. 2016ರ ಫೆಬ್ರುವರಿಯಲ್ಲಿ ರೋಮ್‌ನಲ್ಲಿ ಲಾಜಿಯೋ ಅಭಿಮಾನಿಗಳು ಅವನತ್ತ ಮಂಗನ ಕೂಗು ಹಾಕಿದಾಗ ರೆಫರಿ ಮಾಸಿಮಿಲಿಯಾನೊ ಇರ‍್ರಾತಿ ಪಂದ್ಯವನ್ನೇ ಕೆಲವು ನಿಮಿಷ ನಿಲ್ಲಿಸಿದ. 2018ರ ಡಿಸೆಂಬರ್ 26ರಂದು ಮಿಲಾನ್‌ನಲ್ಲಿ ಇಂಟರ್ ವಿರುದ್ಧದ ಪಂದ್ಯದಲ್ಲಿ ಹಾಗಾಗಲಿಲ್ಲ. ಕೂಗು ನಡೆದೇ ಇತ್ತು, ಪಂದ್ಯ ನಿಲ್ಲಿಸಿ ಎಂದು ನಾಪೋಲಿಯವರು ಮೂರು ಸಲ ಕೇಳಿದರೂ ಪಂದ್ಯ ಮುಂದುವರಿಯಿತು ಎಂದು ಕೋಚ್ ಕಾರ್ಲೊ ಆಂಚೆಲೊಟ್ಟಿ ನಂತರ ಹೇಳಿದ. ಕೊನೆಗೆ ಹಳದಿ ಕಾರ್ಡ್ ತೋರಿಸಿದ ರೆಫರಿಗೆ ಕೂಲಿಬಾಲಿ ಚಪ್ಪಾಳೆ ತಟ್ಟಿದ, ಕೆಂಪು ಕಾರ್ಡ್ ಬಿತ್ತು. ಇಂಟರ್‌ಗೆ ಎರಡು ಪಂದ್ಯ ಖಾಲಿ ಮೈದಾನದಲ್ಲಿ ಆಡುವ ಶಿಕ್ಷೆಯಾಯಿತು. ಅವಮಾನ ಉಂಡ ಆಟಗಾರನಿಗೂ ಎರಡು ಪಂದ್ಯಗಳ ನಿಷೇಧ! ಮಿಲಾನ್ ಮೇಯರ್ ಅವನ ಕ್ಷಮೆ ಕೇಳಿದ.

ಆ ಪಂದ್ಯದ ರಾತ್ರಿ ಕೂಲಿಬಾಲಿ ಬರೆದುಕೊಂಡದ್ದು ನೆನಪಿಡಬೇಕಾದ ಮಾತು. ತನ್ನ ಮೈಬಣ್ಣದ ಬಗ್ಗೆ, ಫ್ರೆಂಚನಾಗಿರುವುದಕ್ಕೆ, ಸೆನೆಗಲ್ಲಿನವನಾಗಿರುವುದಕ್ಕೆ, ನಾಪೋಲಿಯವನಾಗಿರುವುದಕ್ಕೆ ಹೆಮ್ಮೆಯಿದೆ ಎಂದ. ಎರಡು ದೇಶದಲ್ಲಿ ಒಂದನ್ನು ಹೇಳು ಎನ್ನುವವರ ಮುಂದೆ ಆತ ಮೂರನೆಯ ಊರನ್ನೂ ಸೇರಿಸಿದ. ಉತ್ತರ ಇಟಲಿಯ ಮೈದಾನಗಳಲ್ಲಿ ಪಕ್ಕದ ವೆಸೂವಿಯಸ್ ಜ್ವಾಲಾಮುಖಿಯ ಹೆಸರೆತ್ತಿ ಹೀಯಾಳಿಸಿಕೊಂಡೇ ಬಂದ ನಗರ ನಾಪೋಲಿ. ಅದು ಅವನನ್ನು ತನ್ನವನೆಂದು ಅಪ್ಪಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಸೆನೆಗಲ್ಲಿಗೆ ಅವನು ಏನು ಕೊಟ್ಟ? 2019ರ ಆಫ್ರಿಕಾ ಕಪ್ ಫೈನಲ್‌ನಲ್ಲಿ ಅವನು ನಿಷೇಧದಿಂದಾಗಿ ಹೊರಗೆ ಕುಳಿತಿದ್ದ, ತಂಡ ಅಲ್ಜೀರಿಯಾಕ್ಕೆ ಸೋತಿತು. 2022ರ ಫೆಬ್ರುವರಿ 6ರಂದು ಕ್ಯಾಮರೂನ್‌ನ ಯಾವುಂಡೆಯಲ್ಲಿ ಈಜಿಪ್ಟ್ ವಿರುದ್ಧದ ಫೈನಲ್ ಪೆನಾಲ್ಟಿ ಶೂಟೌಟ್‌ಗೆ ಹೋದಾಗ ಸೆನೆಗಲ್ಲಿನ ಮೊದಲ ಹೊಡೆತ ಹೊಡೆದವನು ನಾಯಕ ಕೂಲಿಬಾಲಿ. ಆ ದೇಶ ಮೊದಲ ಬಾರಿಗೆ ಆಫ್ರಿಕಾ ಚಾಂಪಿಯನ್ ಆಯಿತು. ಅದೇ ವರ್ಷ ನವೆಂಬರ್ 29ರಂದು ಕತಾರ್ ವಿಶ್ವಕಪ್‌ನಲ್ಲಿ ಈಕ್ವೆಡಾರ್ ವಿರುದ್ಧ 70ನೇ ನಿಮಿಷದಲ್ಲಿ ಹೊಡೆದ ಗೋಲು ದೇಶಕ್ಕಾಗಿ ಅವನ ಮೊದಲನೆಯದು, ತಂಡವನ್ನು ಮುಂದಿನ ಸುತ್ತಿಗೆ ಕೊಂಡೊಯ್ದದ್ದೂ ಅದೇ. ಪಾಪಾ ಬೂಬಾ ಜೋಪ್ ತೀರಿಕೊಂಡು ಅಂದಿಗೆ ಸರಿಯಾಗಿ ಎರಡು ವರ್ಷ. ನಾಯಕನ ತೋಳುಪಟ್ಟಿಯಲ್ಲಿ ಜೋಪ್‌ನ 19ನೇ ಸಂಖ್ಯೆಯಿತ್ತು. ಪಂದ್ಯಶ್ರೇಷ್ಠ ಪ್ರಶಸ್ತಿಯನ್ನು ಕೂಲಿಬಾಲಿ ಜೋಪ್ ಕುಟುಂಬಕ್ಕೆ ಅರ್ಪಿಸಿದ.

2022ರಲ್ಲಿ ನಾಪೋಲಿ ಬಿಟ್ಟ ಮೇಲೆ ಚೆಲ್ಸಿಯಲ್ಲಿ ಒಂದು ವರ್ಷ, 2023ರಿಂದ ಸೌದಿ ಅರೇಬಿಯಾದ ಅಲ್ ಹಿಲಾಲ್. ಅವನು ಬಿಟ್ಟುಬಂದ ಮರುವರ್ಷವೇ ನಾಪೋಲಿ ಇಟಲಿಯ ಚಾಂಪಿಯನ್ ಆದದ್ದು ಅವನ ದುರದೃಷ್ಟ.

ನಮ್ಮ ದೇಶದಲ್ಲಿ ಇಂಥ ಕಥೆಗೆ ಜಾಗವಿಲ್ಲ. ಭಾರತದ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲ, ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡ್ ಪೌರತ್ವವಲ್ಲ, ಫಿಫಾ ಕೇಳುವುದು ಪೌರತ್ವವನ್ನೇ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಗೆ ಆಡುತ್ತಿದ್ದ ರಯಾನ್ ವಿಲಿಯಮ್ಸ್, ಪರ್ತ್‌ನಲ್ಲಿ ಹುಟ್ಟಿದವನು, ತಾಯಿಯ ಕಡೆಯಿಂದ ಮುಂಬೈ ಮೂಲದವನು, ಭಾರತಕ್ಕೆ ಆಡುವ ಆಸೆಯಿಂದ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವವನ್ನೇ ತೊರೆಯಬೇಕಾಯಿತು. ಅದು ದೊಡ್ಡ ತ್ಯಾಗ. ಆದರೆ ಪ್ರತಿಯೊಬ್ಬ ಆಟಗಾರನಿಂದಲೂ ಅಂಥದ್ದನ್ನೇ ನಿರೀಕ್ಷಿಸುವುದು ನ್ಯಾಯವಲ್ಲ. ಹುಟ್ಟಿದ ದೇಶವನ್ನು ಕಳೆದುಕೊಳ್ಳದೆ ಹೆತ್ತವರ ದೇಶಕ್ಕೆ ಆಡಲು ಬಿಡುವ ದಾರಿಯೊಂದನ್ನು ನಮ್ಮ ಸಂಸತ್ತು ಕ್ರೀಡಾಪಟುಗಳ ಮಟ್ಟಿಗಾದರೂ ಯೋಚಿಸಬೇಕು.