ಹಾವು ಸಾಕುವವರೇ, ಮೊದಲು ಥರ್ಮೋಸ್ಟಾಟ್ ಕೊಳ್ಳಿ

ಹಾವಿಗೆ ಬಿಸಿ ಕೊಡಬೇಕು ಎಂದರೆ ಕರಾವಳಿಯವರಾದ ನಮಗೆ ನಗು ಬರಬಹುದು. ಮಂಗಳೂರಿನ ಸೆಕೆಯಲ್ಲಿ ಮನುಷ್ಯನೇ ಫ್ಯಾನ್ ಬಿಟ್ಟು ಏಳುವುದಿಲ್ಲ, ಇನ್ನು ಹಾವಿಗೆ ಹೀಟರ್ ಯಾಕೆ? ಆದರೆ ನಮ್ಮವರು ಈಗ ಕರಾವಳಿಯಲ್ಲಷ್ಟೇ ಇಲ್ಲ. ವ್ಯಾಪಾರ, ಉದ್ಯೋಗ ಎಂದು ಬೆಂಗಳೂರು, ಕೊಡಗು, ನೀಲಗಿರಿ ಎಲ್ಲ ಕಡೆ ಇದ್ದಾರೆ. ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಸಾಕುವ ಹವ್ಯಾಸವೂ ಯುವಕರಲ್ಲಿ ಹಬ್ಬುತ್ತಿದೆ. ಹಾವು ಸಾಕುವುದು ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೊಮ್ಮೆ ಮಾಡೋಣ. ಇವತ್ತು ನಾನು ಹೇಳುವುದು ಇಷ್ಟೇ: ಬಿಸಿಯನ್ನು ಹತೋಟಿಯಲ್ಲಿಡಲು ಆಗದವರು ಹಾವು ಸಾಕಬಾರದು.

ಒಂದು ಉದಾಹರಣೆ ನೋಡಿ. ಮಂಗಳೂರಿನ ಬಾಡಿಗೆ ಮನೆಯಲ್ಲಿ ಚೆನ್ನಾಗಿದ್ದ ಬಾಲ್ ಪೈಥಾನ್ ಒಂದನ್ನು ಅದರ ಯಜಮಾನ ತಾಳವಾಡಿಗೆ ಕೊಂಡೊಯ್ದ ಎಂದಿಟ್ಟುಕೊಳ್ಳಿ. ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದ್ದರೂ ಮಾತು, ಸಂತೆ, ನೆಂಟಸ್ತನ ಎಲ್ಲ ಪಕ್ಕದ ಚಾಮರಾಜನಗರದ ಜೊತೆಗೇ. ಸತ್ಯಮಂಗಲದ ಕಡೆಯಿಂದ ಬರುವವರು ಬಣ್ಣಾರಿಯ ಬಿಸಿಲು ದಾಟಿ, ದಿಂಬಂ ಘಟ್ಟದ 27 ತಿರುವು ಹತ್ತಿದರೆ ಗಾಳಿಯೇ ಬದಲಾಗುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅಲ್ಲಿ ಕಂಬಳಿ ಬೇಕು. ಘಾನಾ, ಟೋಗೋ, ಬೆನಿನ್ ದೇಶಗಳ ಬಿಸಿ ನೆಲದ ಈ ಹಾವಿಗೆ ಗೂಡಿನ ತಂಪು ಬದಿಯಲ್ಲೂ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು, ಬಿಸಿ ಬದಿಯಲ್ಲಿ 31ರಿಂದ 33 ಡಿಗ್ರಿ. ಮಂಗಳೂರಿನಲ್ಲಿ ಹವಾಮಾನವೇ ಹೆಚ್ಚಿನ ಕೆಲಸ ಮಾಡಿಕೊಡುತ್ತಿತ್ತು. ತಾಳವಾಡಿಯಲ್ಲಿ ಅದು ಯಜಮಾನನ ತಲೆಯ ಮೇಲೆ ಬೀಳುತ್ತದೆ.

ಹಾವಿನ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ನುಂಗಿದ ಇಲಿ ಜೀರ್ಣವಾಗಲೂ, ರೋಗ ಎದುರಿಸಲೂ ಹೊರಗಿನ ಬಿಸಿ ಬೇಕು. ಕಾಡಿನ ಹಾವು ಇದನ್ನು ನಡೆದಾಡಿಯೇ ಸರಿದೂಗಿಸಿಕೊಳ್ಳುತ್ತದೆ: ಚಳಿಯಾದರೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ, ಸೆಕೆಯಾದರೆ ಬಿಲದೊಳಗೆ. ನಾವು ಅದನ್ನು ಪೆಟ್ಟಿಗೆಯಲ್ಲಿ ಹಾಕಿದಾಗ ಮೊದಲು ಕಿತ್ತುಕೊಳ್ಳುವುದು ಈ ಆಯ್ಕೆಯನ್ನು. ಆದ್ದರಿಂದ ಪೆಟ್ಟಿಗೆಯ ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು ಇರಬೇಕು, ಎರಡೂ ಕಡೆ ಅಡಗಲು ಜಾಗ ಇರಬೇಕು. ಕೋಳಿಮರಿ ಸಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದು ನಿಂತರೆ ಸೆಕೆ. ಹಾವು ಹಾಗೆ ಕೂಗುವುದಿಲ್ಲ, ಓಡುವುದಿಲ್ಲ. ಅತಿ ಬಿಸಿಯಾದ ಜಾಗದ ಮೇಲೆ ಹೊಟ್ಟೆ ಸುಡುವವರೆಗೂ ಮಲಗಿಯೇ ಇರುವ ಹಾವುಗಳನ್ನು ಪಶುವೈದ್ಯರು ನೋಡುತ್ತಾರೆ. ಅದು ಹೇಳುವುದಿಲ್ಲವಾದ್ದರಿಂದಲೇ ನಾವು ಅಳೆಯಬೇಕು.

ಅಳೆಯದೆ ಬಿಸಿ ಕೊಡುವ ರೀತಿಗಳೇ ಹೆಚ್ಚು ಬಳಕೆಯಲ್ಲಿವೆ. ಗೂಡಿನೊಳಗೆ ಬಲ್ಬು ನೇತುಹಾಕುತ್ತಾರೆ, ಹಾವು ಅದಕ್ಕೇ ಸುತ್ತಿಕೊಂಡು ಸುಟ್ಟುಕೊಳ್ಳುತ್ತದೆ. ವಿದ್ಯುತ್ತಿನಿಂದ ಕಾಯುವ ಕಲ್ಲು ಇಡುತ್ತಾರೆ, ಅದು ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಸುಡುವ ಹಾಗೆ. ಹೀಟ್ ಮ್ಯಾಟನ್ನು ನೇರವಾಗಿ ಪ್ಲಗ್ಗಿಗೆ ಹಾಕಿ ಮೇಲೆ ದಪ್ಪ ತೆಂಗಿನ ನಾರಿನ ಪುಡಿ ಹರಡುತ್ತಾರೆ. ಬಿಸಿ ಹೊರಬರಲು ದಾರಿಯಿಲ್ಲದೆ ಕೆಳಗೇ ಸೇರಿ ಗಾಜು ಬಿರಿಯುತ್ತದೆ, ಮರದ ಮೇಜು ಕಪ್ಪಾಗುತ್ತದೆ. ಎಲ್ಲರೂ ಮಲಗಿರುವಾಗ ಇದು ನಡೆದರೆ ಸುಡುವುದು ಹಾವಿನ ಗೂಡೊಂದೇ ಅಲ್ಲ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಬಿಸಿ ಕೊಡುವ ಯಾವ ಸಾಧನವೇ ಆಗಲಿ ಥರ್ಮೋಸ್ಟಾಟಿನ ಮೂಲಕವೇ ಓಡಬೇಕು. ಮ್ಯಾಟ್ ಗೂಡಿನ ಹೊರಗೆ, ಕೆಳಗೆ ಇರಲಿ; ನೆಲದ ಮೂರನೇ ಒಂದು ಪಾಲಿಗಿಂತ ಹೆಚ್ಚು ಜಾಗ ಆವರಿಸದಿರಲಿ; ಅಡಿಯಲ್ಲಿ ಗಾಳಿಯಾಡಲು ಗೂಡಿಗೆ ಸಣ್ಣ ಕಾಲುಗಳಿರಲಿ. ಥರ್ಮೋಸ್ಟಾಟಿನ ಉಷ್ಣತೆ ಅರಿಯುವ ತಂತಿಯ ತುದಿಯನ್ನು ಮ್ಯಾಟಿಗೇ ಅಂಟಿಸಿ. ಒಳಗೆ ಸಡಿಲವಾಗಿ ಬಿಟ್ಟರೆ ಹಾವು ಅದನ್ನು ತಂಪಿನ ಕಡೆಗೆ ದೂಡುತ್ತದೆ, ಯಂತ್ರ ಇನ್ನೂ ಚಳಿಯಿದೆ ಎಂದುಕೊಂಡು ಬಿಸಿ ಏರಿಸುತ್ತಲೇ ಹೋಗುತ್ತದೆ. ಹಾವು ಮಲಗುವ ನೆಲವನ್ನು ದಿನಕ್ಕೊಮ್ಮೆ ಇನ್ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಿ. ತಾಳವಾಡಿಯಂಥ ಕಡೆ ಮ್ಯಾಟ್ ಮಾತ್ರ ಸಾಲದು, ಅದು ನೆಲ ಕಾಯಿಸುತ್ತದೆಯೇ ಹೊರತು ಗಾಳಿಯನ್ನಲ್ಲ. ಅಲ್ಲಿ ಬೆಳಕು ಬೀರದ ಸೆರಾಮಿಕ್ ಹೀಟರ್ ಬೇಕಾಗುತ್ತದೆ: ಪಿಂಗಾಣಿ ಹೋಲ್ಡರಿನಲ್ಲಿ, ಸುತ್ತ ಹಾವು ಮುಟ್ಟಲಾಗದಂತೆ ತಂತಿ ಬಲೆಯೊಂದಿಗೆ. ಮೇಲೆ ಜಾಲರಿಯಿರುವ ಗಾಜಿನ ತೊಟ್ಟಿಗಿಂತ ಮರದ ಅಥವಾ ಪಿವಿಸಿ ಗೂಡು ಬಿಸಿ ಹಿಡಿದಿಡುತ್ತದೆ. ಥರ್ಮೋಸ್ಟಾಟೂ ಕೆಡಬಹುದು. ಅದಕ್ಕೇ ಅಗತ್ಯಕ್ಕಿಂತ ಹೆಚ್ಚು ವ್ಯಾಟಿನ ಹೀಟರ್ ಬೇಡ, ಮನೆಯ ವೈರಿಂಗಿನಲ್ಲಿ ಆರ್‌ಸಿಸಿಬಿ ಇರಲಿ.

ಗಾಳಿಮಳೆಗೆ ಕರೆಂಟ್ ಹೋಗುವುದು ಮಲೆಪ್ರದೇಶದಲ್ಲಿ ಹೊಸತಲ್ಲ. ಆಗ ಹೆಚ್ಚಿನ ಅಪಾಯ ಚಳಿಯಿಂದಲ್ಲ, ಗಾಬರಿಯಿಂದ. ಆರೋಗ್ಯವಾಗಿರುವ ಹಾವು ಕೆಲವು ಗಂಟೆಯ ತಂಪನ್ನು ತಡೆದುಕೊಳ್ಳುತ್ತದೆ. ಗೂಡಿಗೆ ಕಂಬಳಿ ಹೊದೆಸಿ, ಗಾಳಿಗೆ ಸಂದು ಬಿಡಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಒಂದು ಬದಿಗಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ, ಅದರ ಹೊಗೆ ಹಾವಿನ ಜೊತೆ ಮನೆಮಂದಿಯನ್ನೂ ಕೊಲ್ಲುತ್ತದೆ. ಬಿಸಿ ಮರಳುವ ತನಕ ಆಹಾರ ಕೊಡಬೇಡಿ, ನುಂಗಿದ್ದು ಹೊಟ್ಟೆಯಲ್ಲೇ ಕೊಳೆತು ವಾಂತಿಯಾಗುತ್ತದೆ. ದಿನಗಟ್ಟಲೆ ಚಳಿಯಲ್ಲಿದ್ದು ಬಾಯಲ್ಲಿ ನೊರೆ, ಉಸಿರಲ್ಲಿ ಗೊರಗೊರ ಕಂಡರೆ ವೈದ್ಯರ ಬಳಿ ಹೋಗಿ.

"ನಮ್ಮ ಊರಿನ ಹಾವಿಗೆ ಯಾರು ಹೀಟರ್ ಇಟ್ಟಿದ್ದಾರೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ತಮಿಳುನಾಡಿನಲ್ಲೇ, ಮಾಮಲ್ಲಪುರದ ಬಳಿ, 1978ರಲ್ಲಿ ಸ್ಥಾಪನೆಯಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ವಿಷ ತೆಗೆಯಲು ತಂದ ಹಾವುಗಳನ್ನು ಮಣ್ಣಿನ ಮಡಕೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟುತ್ತದೆ, ಹೀಟರ್ ಇಲ್ಲ. ಆದರೆ ಅವು ಅದೇ ನೆಲದ ಹಾವುಗಳು, ಅದು ಸಮುದ್ರದಂಡೆಯ ಸೆಕೆ, ಕೆಲವು ವಾರಗಳಲ್ಲಿ ಮತ್ತೆ ಹೊಲಕ್ಕೆ ಬಿಡುತ್ತಾರೆ. ಆಫ್ರಿಕಾದ ಹಾವನ್ನು ಬೆಟ್ಟದ ಮೇಲೆ ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿಡುವವನಿಗೆ ಆ ಮಡಕೆಯ ನೆಪ ಸಿಗುವುದಿಲ್ಲ. ಖರ್ಚಿನ ಮಾತೂ ಅಷ್ಟೇ. ಬಣ್ಣದ ಹಾವಿಗೆ ಸಾವಿರಗಟ್ಟಲೆ ಸುರಿದವರು ಥರ್ಮೋಸ್ಟಾಟಿಗೆ ಚೌಕಾಶಿ ಮಾಡುವುದು ನನಗೆ ಅರ್ಥವಾಗದ ಲೆಕ್ಕ.

ಕೊನೆಗೆ ಕಾನೂನು. ತಾಳವಾಡಿಯ ಸುತ್ತ ಇರುವುದು 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಹಿತ್ತಲಲ್ಲಿ ಚಳಿಗೆ ಮರಗಟ್ಟಿದ ಹೆಬ್ಬಾವಿನ ಮರಿ ಸಿಕ್ಕಿತೆಂದು ಕನಿಕರದಿಂದ ಪೆಟ್ಟಿಗೆಯಲ್ಲಿಟ್ಟು ಬಲ್ಬು ಹಚ್ಚಿದರೂ ಅದು ಅಪರಾಧ. ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಶಿಕ್ಷೆ 3ರಿಂದ 7 ವರ್ಷ ಜೈಲು. ಅರಣ್ಯ ಇಲಾಖೆಗೆ ಕರೆ ಮಾಡುವುದೇ ಅದಕ್ಕೆ ಕೊಡಬಹುದಾದ ಬಿಸಿ. ಬಾಲ್ ಪೈಥಾನಿನಂಥ ವಿದೇಶಿ ಹಾವಿಗೂ 2024ರ ನಿಯಮದ ಪ್ರಕಾರ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಬೇಕು. 2023ರ ಏಪ್ರಿಲಿನಲ್ಲಿ ಕೌಲಾಲಂಪುರದಿಂದ ಚೆನ್ನೈಗೆ ಬಂದ ಪ್ರಯಾಣಿಕರೊಬ್ಬರ ಚೀಲದಲ್ಲಿ 22 ಹಾವು ಸಿಕ್ಕಿದ್ದವು. ವಿಮಾನದಲ್ಲಿ ಓಡಾಡುವ ನಮ್ಮ ಮಕ್ಕಳು ಇನ್ನೊಬ್ಬರ ಚೀಲ ಹೊರುವ ಮುನ್ನ ಇದು ನೆನಪಿರಲಿ.

ಹಾವು ಖರೀದಿಸುವ ಮನಸ್ಸಿದ್ದರೆ ಮೊದಲು ಖಾಲಿ ಗೂಡನ್ನು ಕೊಳ್ಳಿ. ಥರ್ಮೋಸ್ಟಾಟ್ ಜೋಡಿಸಿ ಒಂದು ವಾರ ಓಡಿಸಿ, ಬೆಳಿಗ್ಗೆ ಮತ್ತು ನಡುರಾತ್ರಿಯ ಉಷ್ಣತೆಯನ್ನು ಕಾಗದದಲ್ಲಿ ಬರೆದಿಡಿ. ಏಳು ದಿನವೂ ಅಂಕಿ ಸರಿಯಿದ್ದರೆ ಮುಂದಿನ ಮಾತು. ಬರೆಯುವುದೇ ಬೇಸರವಾದರೆ ಹಾವು ತರಬೇಡಿ.